ಉಚ್ಚೆಂಗಮ್ಮನ ಬಲಗಾಲು

ಕಂಪ್ಲಿಯ ಹೊಳೆಸಾಲಿನ ಊರುಗಳಲ್ಲಿ ಭತ್ತದ ನಾಟಿ ಹತ್ತಿರ ಬಂತೆಂದರೆ ರೈತರು ಉಚ್ಚೆಂಗಮ್ಮನ ಮನೆಗೆ ಎಡತಾಕುತ್ತಿದ್ದರು. ಅವಳ ಗುಂಪಿನ ಹೆಂಗಸರು ಒಮ್ಮೆ ಗದ್ದೆಗೆ ಇಳಿದರೆ ಹೊತ್ತು ಇಳಿಯುವುದರೊಳಗೆ ಬಯಲು ಹಸಿರಾಗಿರುತ್ತಿತ್ತು. ಗುತ್ತಿಗೆ ಮಾತಾಡುವವಳೂ ಅವಳೇ, ಸಾಲಿನ ತುದಿಯಲ್ಲಿ ನಿಂತು ಉಳಿದವರ ವೇಗ ಕಟ್ಟುವವಳೂ ಅವಳೇ.

ಹುಟ್ಟಿದ್ದು ಮಾತ್ರ ನೀರಿನ ನಾಡಿನಲ್ಲಲ್ಲ. ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ, ಶೇಂಗಾ ಜೋಳದ ಒಣ ಹೊಲಗಳ ನಡುವೆ ಬೆಳೆದವಳು. ಕನಕರಾಜನನ್ನು ಮದುವೆಯಾಗಿ ಬಂದ ವರ್ಷ ಮೊದಲ ಸಲ ಗದ್ದೆಗೆ ಇಳಿದಾಗ ಮೊಳಕಾಲುದ್ದದ ಕೆಸರು ಕಾಲನ್ನು ಕಚ್ಚಿಕೊಂಡು, ಅವಳು ಸಸಿಯ ಕಟ್ಟಿನ ಸಮೇತ ಹಿಂದಕ್ಕೆ ಕುಕ್ಕರಿಸಿದ್ದಳು. ಹೆಂಗಸರೆಲ್ಲ ನಕ್ಕರು. ಅವಳು ಎದ್ದು ಸೀರೆ ಹಿಂಡಿಕೊಂಡು ಮತ್ತೆ ಬಗ್ಗಿದಳು. ಕೆಸರಿನಿಂದ ಕಾಲು ಕೀಳುವಾಗ ಬೆರಳುಗಳನ್ನು ಕೆಳಕ್ಕೆ ಚೂಪು ಮಾಡಿದರೆ ಪಾದ ಮೀನಿನ ಹಾಗೆ ಜಾರಿ ಹೊರಬರುತ್ತದೆಂದು ಯಾರೂ ಹೇಳಿಕೊಡಲಿಲ್ಲ, ಕಾಲೇ ಕಲಿತುಕೊಂಡಿತು. ಎರಡನೆಯ ಬೆಳೆಯ ಹೊತ್ತಿಗೆ ಅವಳನ್ನು ಹಿಂದಿಕ್ಕುವವರು ಇರಲಿಲ್ಲ.

ವರ್ಷಗಳು ಉರುಳಿ ಮಗ ಹೈಸ್ಕೂಲಿಗೆ ಹೋಗುವಷ್ಟಾದ. ಕನಕರಾಜ ವಡ್ಡು ಎಂಬ ಊರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ; ಪಾಳಿಗೆ ತಕ್ಕಂತೆ ಬಂದುಹೋಗಿ ಮಾಡುತ್ತಿದ್ದ. ಶ್ರಾವಣದ ಒಂದು ಸಂಜೆ, ನಾಟಿ ಮುಗಿಸಿ ಹೆಂಗಸರನ್ನು ಹೇರಿಕೊಂಡು ಬರುತ್ತಿದ್ದ ಟಂಟಂ ಆಟೋ ಕಾಲುವೆ ಏರಿಯ ತಿರುವಿನಲ್ಲಿ ಎದುರು ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಪಕ್ಕಕ್ಕೆ ವಾಲಿ ಬಿತ್ತು. ಉಳಿದವರಿಗೆ ತರಚು ಗಾಯ. ಉಚ್ಚೆಂಗಮ್ಮನಿಗೆ ಮಾತ್ರ ಟಂಟಂನ ಪಕ್ಕದ ತಗಡು ಬಲಮೊಳಕಾಲಿನ ಹೊರಬದಿಯನ್ನು, ಕೀಲಿನಿಂದ ಸ್ವಲ್ಪ ಕೆಳಗೆ, ಆಳವಾಗಿ ಸೀಳಿತು. ದಾರಿಯಲ್ಲೇ ಇದ್ದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿ, ಇಂಜೆಕ್ಷನ್ ಕೊಟ್ಟು ಕಳಿಸಿದರು.

ಗಾಯವೇನೋ ಚೆನ್ನಾಗಿಯೇ ಮಾಯಿತು. ಆದರೆ ಹೊಲಿಗೆ ಬಿಚ್ಚಿದ ಮೇಲೆ ಬಲಗಾಲಿನ ಚಪ್ಪಲಿ ನಿಲ್ಲದಾಯಿತು. ನಡೆಯುತ್ತಾ ನಡೆಯುತ್ತಾ ಅದು ಯಾವಾಗ ಕಳಚಿ ಬೀಳುತ್ತಿತ್ತೋ ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಹೊಸಿಲು ದಾಟುವಾಗ ಹೆಬ್ಬೆರಳು ಎಡವುತ್ತಿತ್ತು. ಪಾದ ಮೇಲೆತ್ತಲು ನೋಡಿದರೆ ಅದು ತೊಯ್ದ ಬಟ್ಟೆಯ ಹಾಗೆ ಜೋತು ಬೀಳುತ್ತಿತ್ತು. ನೆಲಕ್ಕೆ ಸವರದಿರಲೆಂದು ಅವಳು ಮೊಳಕಾಲನ್ನು ಎತ್ತರಕ್ಕೆ ಎತ್ತಿ, ಮೆಟ್ಟಿಲು ಹತ್ತುವವಳ ಹಾಗೆ ಹೆಜ್ಜೆ ಹಾಕತೊಡಗಿದಳು. ಪಾದ ಇಳಿಯುವಾಗ ನೆಲದ ಮೇಲೆ ಪಟ್ಟೆಂದು ಸಪ್ಪಳವಾಗುತ್ತಿತ್ತು. ಓಣಿಯವರು ಲಕ್ವಾ ಅಂದರು. ಒಬ್ಬರು ಹೇಳಿದ ಎಣ್ಣೆ ತಿಕ್ಕಿದ್ದಾಯಿತು, ಇನ್ನೊಬ್ಬರು ಹೇಳಿದ ಸೊಪ್ಪು ಕಟ್ಟಿದ್ದಾಯಿತು. ಕೊನೆಗೆ ಪಕ್ಕದ ಮನೆಯ ಲಕ್ಷ್ಮೀ, ಗುಂಪಿನಲ್ಲಿ ಅವಳ ಬಲಗೈಯಂತಿದ್ದವಳು, ಹೊಸಪೇಟೆಗೆ ಕರೆದುಕೊಂಡು ಹೋದಳು.

ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಸ್ಫೂರ್ತಿ ಎಂಬ ಹುಡುಗಿ ಇದ್ದಳು. ಹೊಸಪೇಟೆಯ ಬಟ್ಟೆ ಅಂಗಡಿಯವರ ಮಗಳು, ಕೆಲಸಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅವಳು ಗಾಯದ ಕಲೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಪಾದದ ಮೇಲ್ಭಾಗ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಆಮೇಲೆ ಉಚ್ಚೆಂಗಮ್ಮನ ಕೈಯನ್ನೇ ಹಿಡಿದು ಅವಳ ಎಡಗಾಲಿನ ಮುಂಭಾಗದಲ್ಲಿ, ಮೂಳೆಯ ಪಕ್ಕದ ಮೆತ್ತಗಿನ ಜಾಗದಲ್ಲಿ ಇಟ್ಟಳು.

"ಈಗ ಈ ಪಾದ ಮ್ಯಾಲೆತ್ರಿ ಅಕ್ಕಾ. ಕೈಗೆ ಏನು ಹತ್ತತೈತಿ?"

ಅಂಗೈ ಕೆಳಗೆ ಏನೋ ಗಟ್ಟಿಯಾಗಿ ಉಬ್ಬಿತು. ಪಾದ ಇಳಿಸಿದರೆ ಮೆತ್ತಗಾಯಿತು. ಬಲಗಾಲಿನ ಅದೇ ಜಾಗದಲ್ಲಿ ಕೈಯಿಟ್ಟು ಎಷ್ಟು ಪ್ರಯತ್ನಪಟ್ಟರೂ ಅಲ್ಲಿ ಯಾರೂ ಇಲ್ಲದ ಮನೆಯ ಹಾಗಿತ್ತು.

ಸ್ನಾಯುಗಳಿಗೆ ಎಳೆಯುವುದೊಂದೇ ಗೊತ್ತು, ದಬ್ಬುವುದು ಗೊತ್ತಿಲ್ಲ ಎಂದು ಸ್ಫೂರ್ತಿ ಬಿಡಿಸಿ ಹೇಳಿದಳು. ಅದಕ್ಕೇ ಪ್ರತಿ ಕೀಲಿಗೂ ಎದುರುಬದುರು ಸ್ನಾಯುಗಳಿರುತ್ತವೆ. ತೊಡೆಯ ಮುಂದಿನದು ಎಳೆದರೆ ಮೊಳಕಾಲು ನೆಟ್ಟಗಾಗುತ್ತದೆ, ಹಿಂದಿನವು ಎಳೆದರೆ ಮಡಿಚುತ್ತದೆ. ಹಿಂದಿನ ಮೀನಖಂಡ ಹಿಮ್ಮಡಿಯನ್ನು ಮೇಲಕ್ಕೆಳೆದು ಮೈಯನ್ನು ಮುಂದಕ್ಕೆ ಸಾಗಿಸುತ್ತದೆ. ಆಮೇಲೆ ಕಾಲು ಗಾಳಿಯಲ್ಲಿರುವಾಗ ಮೊಳಕಾಲ ಕೆಳಗಿನ ಮುಂಗಾಲಿನ ಸ್ನಾಯು ಬೆರಳುಗಳನ್ನು ಎತ್ತಿಹಿಡಿಯುತ್ತದೆ. ಹಿಮ್ಮಡಿ ನೆಲ ಮುಟ್ಟಿದ ಮೇಲೆ ಪಾದವನ್ನು ಮೆಲ್ಲಗೆ ಇಳಿಸುವುದೂ ಅದೇ. ಇವಕ್ಕೆಲ್ಲ ಅಪ್ಪಣೆ ತರುವುದು ನರ. ಮುಂಗಾಲಿಗೆ ಹೋಗುವ ನರ ಮೊಳಕಾಲಿನ ಹೊರಬದಿಯಲ್ಲಿ, ಎಲುಬಿನ ಮೇಲೆ ಬರೀ ಚರ್ಮದ ಕೆಳಗೆ ಸುತ್ತಿಕೊಂಡು ಬರುತ್ತದೆ. ತಗಡು ಕೊಯ್ದದ್ದು ಅಲ್ಲೇ.

"ಅಂದ್ರ ಕಾಲು ಸತ್ತಿಲ್ಲ," ಎಂದಳು ಉಚ್ಚೆಂಗಮ್ಮ.

"ಇಲ್ರಿ. ಹಿಂದಿಂದು ಎಲ್ಲಾ ಗಟ್ಟಿಯಾಗೇ ಐತಿ. ಮುಂದಕ್ಕ ಹೋಗೋ ಹಾದಿ ಕಡಿದೈತಿ."

ಬಳ್ಳಾರಿಯಲ್ಲಿ, ನರದಲ್ಲಿ ಜೀವ ಇದೆಯೇ ಎಂದು ನೋಡುವ ಕರೆಂಟಿನ ಪರೀಕ್ಷೆ ಮಾಡಿಸಿದರು. ನರ ಪೂರ್ತಿ ಕಡಿಯದೆ ಒಂದಿಷ್ಟು ಉಳಿದಿದ್ದರೆ ತಾನೇ ಚಿಗುರಬಹುದು, ಕೆಲವು ತಿಂಗಳು ಕಾಯೋಣ ಎಂದರು ಅಲ್ಲಿಯ ಡಾಕ್ಟರು. ಅಲ್ಲಿಯವರೆಗೆ ಪಾದ ಜೋಲದಂತೆ ಹಿಮ್ಮಡಿಯ ಹಿಂದೆ ಆತುಕೊಳ್ಳುವ ಒಂದು ಪ್ಲಾಸ್ಟಿಕ್ ಅಚ್ಚು ಕೊಟ್ಟರು. ಅದನ್ನು ಬೂಟಿನೊಳಗೆ ಹಾಕಿಕೊಂಡು ರಸ್ತೆಯಲ್ಲಿ ನಡೆಯಬಹುದಿತ್ತು. ಗದ್ದೆಯಲ್ಲಿ ಅದರೊಳಗೆ ಕೆಸರು ತುಂಬಿ, ಕಾಲಿಗೆ ಕಲ್ಲು ಕಟ್ಟಿದಂತಾಗುತ್ತಿತ್ತು.

ಜನವರಿಯಲ್ಲಿ ಎರಡನೆಯ ಬೆಳೆಗೆ ಕಾಲುವೆ ನೀರು ಬಂತು. ಅಚ್ಚನ್ನು ಮನೆಯಲ್ಲೇ ಬಿಟ್ಟು ಉಚ್ಚೆಂಗಮ್ಮ ಗುಂಪಿನ ಜೊತೆ ಹೊರಟಳು. ಗದ್ದೆಗೆ ಇಳಿದಾಗ ಅವಳಿಗೇ ಅಚ್ಚರಿ. ಕೆಸರಿನಲ್ಲಿ ಕಾಲು ಹಿಂದಿನ ಹಾಗೆಯೇ ಇತ್ತು. ಹಿಂದೆ ಹಿಂದೆ ಸರಿಯುತ್ತಾ ನೆಡುವ ಕೆಲಸದಲ್ಲಿ ಪಾದ ಎತ್ತುವ ಅಗತ್ಯವೇ ಇಲ್ಲ. ಜೋತುಬಿದ್ದ ಬೆರಳುಗಳು ತಾವಾಗಿಯೇ ಚೂಪಾಗಿ ಕೆಸರಿನಿಂದ ಜಾರಿ ಬರುತ್ತಿದ್ದವು. ಸಾಲಿನ ತುದಿಯಲ್ಲಿ ಅವಳದೇ ವೇಗ. ಲಕ್ಷ್ಮೀ ಬಗ್ಗಿದಲ್ಲಿಂದಲೇ ನೋಡಿ ನಕ್ಕಳು.

ಕಷ್ಟ ಇದ್ದದ್ದು ಬದುವಿನ ಮೇಲೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವ ಆ ಗೇಣಗಲದ ಒಡ್ಡು, ಮೇಲೆ ಜಾರುವ ಮಣ್ಣು, ಅಲ್ಲಲ್ಲಿ ಹುಲ್ಲಿನ ಗಂಟು. ತಲೆ ಮೇಲೆ ಸಸಿಯ ಹೊರೆ ಹೊತ್ತರೆ ಮೊಳಕಾಲು ಎತ್ತರಕ್ಕೆ ಎತ್ತುವಂತಿಲ್ಲ, ಎತ್ತದಿದ್ದರೆ ಬೆರಳು ಹುಲ್ಲಿಗೆ ಸಿಕ್ಕುತ್ತದೆ. ಮೊದಲ ದಿನವೇ ಬಿದ್ದಳು. ಮತ್ತೊಂದು ದಿನ ಹೊರೆ ಸಮೇತ ಅಂದಾನಪ್ಪನವರ ಎದುರಿಗೇ ಬಿದ್ದು, ಆಗ ತಾನೇ ನೆಟ್ಟ ಸಾಲುಗಳ ಮೇಲೆ ಉರುಳಿದಳು. ಅಂದಾನಪ್ಪ ಆ ಗದ್ದೆಯ ಮಾಲೀಕರು, ಕಂಪ್ಲಿಯಲ್ಲಿ ಸಣ್ಣದೊಂದು ಅಕ್ಕಿ ಗಿರಣಿಯೂ ಇತ್ತು, ಒರಟು ಮನುಷ್ಯರಲ್ಲ. ತಾವೇ ಕೈಕೊಟ್ಟು ಎಬ್ಬಿಸಿದರು. ನಾಳೆಯಿಂದ ಸಸಿಮಡಿಯಲ್ಲಿ ಕೂತು ಸಸಿಯ ಕಟ್ಟು ಕಟ್ಟು, ಕೂಲಿ ಅಷ್ಟೇ ಕೊಡುತ್ತೇನೆ ಎಂದರು.

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಒಂದು ವಾರ ಸಸಿಮಡಿಯಲ್ಲಿ ಕೂತಳು. ದೂರದಲ್ಲಿ ಲಕ್ಷ್ಮೀ ಸಾಲಿನ ತುದಿ ಹಿಡಿದಿದ್ದಳು. ವೇಗ ಕಟ್ಟಲು ಬಾರದೆ ಸಾಲು ಹಾವಿನ ಹಾಗೆ ಡೊಂಕಾಗುತ್ತಿತ್ತು. ಎಂಟನೆಯ ದಿನ ಉಚ್ಚೆಂಗಮ್ಮ ಕೆಲಸಕ್ಕೆ ಹೋಗದೆ ಹೊಸಪೇಟೆಯ ಬಸ್ಸು ಹತ್ತಿದಳು.

ಎರಡನೆಯ ಪರೀಕ್ಷೆಯಲ್ಲೂ ನರದಲ್ಲಿ ಜೀವ ಕಾಣಲಿಲ್ಲ. ಆಗ ಬಳ್ಳಾರಿಯಿಂದ ಬರುತ್ತಿದ್ದ ಮೂಳೆ ಡಾಕ್ಟರು ಇನ್ನೊಂದು ದಾರಿ ಹೇಳಿದರು. ಮೀನಖಂಡದ ಒಳಗೆ, ಎರಡು ಎಲುಬುಗಳ ಹಿಂದೆ ಒಂದು ಸ್ನಾಯು ಇದೆ. ಅದರ ತುದಿಯ ಬಿಳಿ ಹುರಿ ಒಳಬದಿಯ ಗಿಣ್ಣಿನ ಹಿಂದಿನಿಂದ ಇಳಿದು ಪಾದಕ್ಕೆ ಅಂಟಿಕೊಂಡಿದೆ. ಅಂಗಾಲನ್ನು ಒಳಕ್ಕೆ ತಿರುಗಿಸುವುದು ಅದರ ಕೆಲಸ. ಅದಕ್ಕೆ ಬರುವ ನರ ಬೇರೆ, ಅದು ಕಡಿದಿಲ್ಲ. ಆ ಹುರಿಯನ್ನು ಅಲ್ಲಿಂದ ಬಿಡಿಸಿ, ಎಲುಬುಗಳ ನಡುವಿನಿಂದ ಮುಂದಕ್ಕೆ ತಂದು, ಪಾದದ ಮೇಲ್ಭಾಗಕ್ಕೆ ಕೂಡಿಸಿದರೆ, ಅದು ಎಳೆದಾಗ ಪಾದ ಮೇಲೇಳುತ್ತದೆ. ಆದರೆ ಹಳೆಯ ಕೆಲಸ ಮರೆತು ಹೊಸದನ್ನು ಕಲಿಯಬೇಕಾದ್ದು ಅವಳೇ. ಕೆಲವರಿಗೆ ಅದು ಪೂರ್ತಿ ಒಗ್ಗುವುದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಕನಕರಾಜ ಇದಕ್ಕೆ ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಕೈಕಾಲು ಕಳೆದುಕೊಂಡವರನ್ನು ಕಂಡವನು ಅವನು.

"ಕೆಟ್ಟಿದ್ದು ಕೆಟ್ಟೈತಿ, ಇರ್ಲಿ. ನೆಟ್ಟಗಿರೋದನ್ನ ಯಾಕ ಕೊಯ್ಸ್ಕೊಂತಿ? ನಾಳಿ ಅದೂ ಹೋದ್ರ ಏನ್ ಮಾಡ್ತಿ?"

"ಅದು ಹಿಂದ ಕುಂತು ಏನ್ ಮಾಡ್ತೈತಿ?" ಎಂದಳು ಅವಳು. "ಮುಂದ ಬರ್ಲಿ. ದುಡಿಯಾಕ ಹಚ್ತೀನಿ."

ಅವನು ಎರಡು ದಿನ ಪಾಳಿಗೆ ಹೋಗಿಬಂದ. ಮೂರನೆಯ ದಿನ ರಜೆ ಹಾಕಿ, ಯಾವ ತಾರೀಖಿಗೆ ಹೋಗಬೇಕೆಂದು ಕೇಳಿದ.

ಶಸ್ತ್ರಚಿಕಿತ್ಸೆಗೆ ಮೊದಲೇ ಸ್ಫೂರ್ತಿ ಕೆಲಸ ಹಚ್ಚಿದ್ದಳು. ತಿಂಗಳುಗಟ್ಟಲೆ ಎದುರಾಳಿ ಇಲ್ಲದೆ ಮೀನಖಂಡ ಕುಗ್ಗಿತ್ತು. ಅದು ಸಡಿಲಾಗದಿದ್ದರೆ ಯಾವ ಸ್ನಾಯು ತಂದು ಜೋಡಿಸಿದರೂ ಪಾದ ಮೇಲೆ ಬರಲಾರದು. ಕಾಲು ಚಾಚಿ ಕೂತು, ಅಂಗಾಲಿಗೆ ಟವೆಲ್ ಸುತ್ತಿ, ತನ್ನ ಕಡೆಗೆ ಎಳೆದು ಹಿಡಿಯಬೇಕು. ಕಾಲಿನ ಹಿಂಭಾಗ ಹರಿಯುವಂತೆ ನೋಯುತ್ತಿತ್ತು. ಸೊಸೈಟಿಯ ಮುಂದೆ ಅಕ್ಕಿಗೆ ಸಾಲು ನಿಂತಾಗಲೂ ಗೋಡೆಗೆ ಕೈಯಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ, ಅವಳು ಎಳೆತ ಹಿಡಿಯುತ್ತಿದ್ದಳು. ಜನ ನೋಡುತ್ತಿದ್ದರು, ನೋಡಲಿ ಎಂದುಕೊಂಡಳು.

ಬೇಸಿಗೆಯಲ್ಲಿ ಚಿಕಿತ್ಸೆಯಾಯಿತು. ಪಾದವನ್ನು ಮೇಲಕ್ಕೆತ್ತಿದ ಸ್ಥಿತಿಯಲ್ಲೇ ಪ್ಲಾಸ್ಟರ್ ಹಾಕಿದರು. ಅದನ್ನು ಬಿಚ್ಚಿದ ಮೇಲೆ ದಿನಾ ಕಂಪ್ಲಿಯಿಂದ ಓಡಾಡುವುದು ಆಗದ ಮಾತು. ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂನ ನೌಕರರ ಕ್ವಾರ್ಟರ್ಸಿನಲ್ಲಿ ಅವಳ ಸೋದರಮಾವ ಜಂಬಯ್ಯ ಇದ್ದ. ಕಾಲುವೆ ಆಫೀಸಿನ ಕೆಲಸ, ಹೆಂಡತಿ ಇಲ್ಲದ ಒಂಟಿ ಜೀವ. ಬಂದಿರು ಎಂದ. ಅಲ್ಲಿಂದ ಹೊಸಪೇಟೆಗೆ ಸಿಟಿ ಬಸ್ಸು ಸಿಗುತ್ತಿತ್ತು. ಆ ಮಳೆಗಾಲದ ನಾಟಿಯನ್ನು ಲಕ್ಷ್ಮೀಗೆ ಒಪ್ಪಿಸಿ ಉಚ್ಚೆಂಗಮ್ಮ ಡ್ಯಾಂಗೆ ಬಂದಳು.

ಸ್ಫೂರ್ತಿ ಅವಳನ್ನು ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿದಳು. ಪಾದ ಮೇಲೆತ್ತಬೇಕೆಂದು ಯೋಚಿಸಬೇಡ, ಅಂಗಾಲನ್ನು ಒಳಕ್ಕೆ ತಿರುಗಿಸಬೇಕೆಂದು ಯೋಚಿಸು ಎಂದಳು. ಆ ಸ್ನಾಯುವಿಗೆ ಗೊತ್ತಿರುವ ಭಾಷೆ ಅದೊಂದೇ. ಉಚ್ಚೆಂಗಮ್ಮ ಯೋಚಿಸಿದಳು. ಹುಬ್ಬು ಗಂಟಿಕ್ಕಿದಳು, ಹಲ್ಲು ಕಚ್ಚಿದಳು. ಸೊಂಟ ತಿರುಗಿತು, ಮೊಳಕಾಲು ತಿರುಗಿತು. ಪಾದ ಮಾತ್ರ ಕದಲಲಿಲ್ಲ. ಎರಡೂ ಪಾದಗಳನ್ನು ಒಟ್ಟಿಗೆ ತಿರುಗಿಸಿ ನೋಡಿದಳು, ಕಣ್ಣು ಮುಚ್ಚಿ ನೋಡಿದಳು. ದಿನಗಳು ಹೋದವು. ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ, ಕನಕರಾಜ ಹೇಳಿದ್ದೇ ನಿಜವಾಯಿತೇನೋ ಎಂಬ ಹೆದರಿಕೆ ಮೊದಲ ಸಲ ಅವಳ ಎದೆಯೊಳಗೆ ಬಂದು ಕೂತಿತು. ಬಸ್ಸು ಬಂತು. ಹತ್ತಿದಳು. ಮರುದಿನ ಮತ್ತೆ ಬಂದಳು.

ಆಷಾಢದ ಜಿಟಿಜಿಟಿ ಮಳೆ. ಕ್ವಾರ್ಟರ್ಸಿನ ಅಂಗಳವೆಲ್ಲ ರಾಡಿ. ಆಸ್ಪತ್ರೆಯಿಂದ ಬಂದವಳು ಹೊರಗಿನ ನಲ್ಲಿಯ ಕೆಳಗೆ ನಿಂತು, ಒಂದು ಕೈಯಲ್ಲಿ ಗೋಡೆ ಹಿಡಿದು, ಕಾಲು ತೊಳೆಯುತ್ತಿದ್ದಳು. ಗದ್ದೆ ಕೆಲಸದ ಹೆಂಗಸರು ಕಾಲುವೆಯಲ್ಲಿ ಕಾಲು ತೊಳೆಯಲು ಬಗ್ಗುವುದಿಲ್ಲ. ಒಂದು ಪಾದದ ಒಳಬದಿಯಿಂದ ಇನ್ನೊಂದರ ಗಿಣ್ಣನ್ನು ತಿಕ್ಕಿ ಕೆಸರು ತೆಗೆಯುತ್ತಾರೆ. ಜಂಬಯ್ಯ ಒಳಗಿನಿಂದ ಚಹಾಕ್ಕೆ ಕರೆದ. ಬಂದೆ ಎನ್ನುತ್ತಾ ಅವಳು ಬಲಪಾದದಿಂದ ಎಡಗಾಲನ್ನು ತಿಕ್ಕಲು ಹೋದಳು. ಪಾದ ಒಳಕ್ಕೆ ತಿರುಗಲಿಲ್ಲ. ಮೇಲೆದ್ದಿತು. ಹೆಬ್ಬೆರಳು ನೀರಿನಿಂದಾಚೆ ಬಂದು ತಟಕ್ಕನೆ ಕೆಳಗಿಳಿಯಿತು.

ಅವಳು ನಲ್ಲಿ ನಿಲ್ಲಿಸಲಿಲ್ಲ, ಉಸಿರು ಕೂಡ ಜೋರಾಗಿ ಬಿಡಲಿಲ್ಲ. ಇನ್ನೊಮ್ಮೆ ತಿಕ್ಕಲು ಹೋದಳು. ಪಾದ ಮತ್ತೆ ಎದ್ದಿತು. ಚಹಾ ಆರಿತೆಂದು ಬೈಯುತ್ತಾ ಹೊರಬಂದ ಜಂಬಯ್ಯ, ತೊಯ್ದ ಸೀರೆಯಲ್ಲಿ ನಿಂತು ಬಲಗಾಲನ್ನೇ ನೋಡಿಕೊಂಡು ಅಳುತ್ತಿದ್ದ ಸೋದರಸೊಸೆಯನ್ನು ಕಂಡು ಗಾಬರಿಯಾದ.

ಮರುದಿನ ಸ್ಫೂರ್ತಿ ಒಂದು ಒದ್ದೆ ಬಟ್ಟೆ ತಂದು ಅವಳ ಎಡಗಾಲ ಗಿಣ್ಣಿಗೆ ಸುತ್ತಿ, ಕೆಸರು ಹತ್ತಿದೆ ಎಂದುಕೊಂಡು ತಿಕ್ಕಲು ಹೇಳಿದಳು. ಮೇಜಿನ ಮೇಲೆ ಕೂತಲ್ಲೇ ಪಾದ ಎದ್ದಿತು. ಸ್ಫೂರ್ತಿ ನಗುತ್ತಾ ಅವಳ ಕೈಯನ್ನು ಮುಂಗಾಲಿನ ಮೇಲೆ, ಚರ್ಮದ ಕೆಳಗೆ ಹೊಸದಾಗಿ ಬಿಗಿಯುತ್ತಿದ್ದ ಹುರಿಯ ಮೇಲೆ ಇಟ್ಟಳು. ಅಲ್ಲಿಂದ ಮುಂದಿನದು ಬೇರೆ ತರಹದ ಕಷ್ಟ. ಕೂತಾಗ ಏಳುವ ಪಾದ ನಿಂತಾಗ ಏಳುತ್ತಿರಲಿಲ್ಲ. ನಿಂತಾಗ ಬಂದದ್ದು ನಡೆಯುವಾಗ ತಪ್ಪುತ್ತಿತ್ತು. ಕಾಲು ನೆಲ ಬಿಡುವ ಆ ಕ್ಷಣಕ್ಕೆ ಸರಿಯಾಗಿ ಮನಸ್ಸಿನಲ್ಲಿ ಕೆಸರು ತಿಕ್ಕಬೇಕು, ಹಿಮ್ಮಡಿ ಊರಿದ ಮೇಲೆ ಬಿಡಬೇಕು. ಕ್ವಾರ್ಟರ್ಸಿನ ಇಳಿಜಾರು ರಸ್ತೆಯಲ್ಲಿ ಬೆಳಿಗ್ಗೆ ಸಂಜೆ ಅವಳು ಹೀಗೆ ನಡೆಯುತ್ತಿದ್ದಳು. ಎದುರಿಗೆ ಬಂದವರು ಮಾತಾಡಿಸಿದರೆ ಗಮನ ತಪ್ಪಿ ಪಾದ ಪಟ್ಟೆಂದು ಬೀಳುತ್ತಿದ್ದುದರಿಂದ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಜಂಬಯ್ಯನ ಸೊಸೆಗೆ ಭಾಳ ಸೊಕ್ಕು ಎಂದು ಅಲ್ಲಿಯ ಹೆಂಗಸರು ಮಾತಾಡಿಕೊಂಡದ್ದು ಅವಳ ಕಿವಿಗೂ ಬಿತ್ತು. ದಸರೆಯ ಹೊತ್ತಿಗೆ ಅದೇ ಹೆಂಗಸರ ಜೊತೆ ಹರಟುತ್ತಾ ತರಕಾರಿ ತರಲು ಹೋಗಿ ಬಂದಳು. ಆಮೇಲೆ ಊರಿಗೆ ಮರಳಿದಳು.

ಜನವರಿಯಲ್ಲಿ ಮತ್ತೆ ನೀರು ಬಂತು. ಸಸಿಯ ಹೊರೆ ಹೊತ್ತು ಅವಳು ಬದುವಿನ ಮೇಲೆ ನಡೆದು ಬಂದದ್ದನ್ನು ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಎಲ್ಲಿಯೂ ತೊಡರಲಿಲ್ಲ. ಲಕ್ಷ್ಮೀ ಸಾಲಿನ ತುದಿ ಬಿಟ್ಟು ಸರಿದು ನಿಂತಳು.

ಆದರೆ ಕೆಸರಿಗೆ ಇಳಿದ ಮೇಲೆ ಗೊತ್ತಾಯಿತು. ಕಾಲು ಬರುತ್ತಿಲ್ಲ. ಮುಂದಕ್ಕೆ ತಂದು ಕಟ್ಟಿದ ಹುರಿ ಪಾದವನ್ನು ಹಿಡಿದಿಟ್ಟಿತ್ತು. ಬೆರಳುಗಳು ಮೊದಲಿನಂತೆ ಕೆಳಕ್ಕೆ ಚೂಪಾಗುತ್ತಿರಲಿಲ್ಲ. ಕೊಕ್ಕೆಯಂತೆ ನಿಂತ ಪಾದವನ್ನು ಕೆಸರು ಮೇಲಿನಿಂದ ಅಮುಕಿ ಹಿಡಿಯುತ್ತಿತ್ತು. ಕಿತ್ತರೆ ಗಿಣ್ಣು ನೋಯುತ್ತಿತ್ತು. ಸಾಲು ಅವಳನ್ನು ಬಿಟ್ಟು ಹಿಂದೆ ಹಿಂದೆ ಸರಿದು ಹೋಯಿತು. ಮದುವೆಯಾಗಿ ಬಂದ ವರ್ಷದ ಹಾಗೆ ಅವಳು ಒಬ್ಬಳೇ ಗದ್ದೆಯ ನಡುವೆ ಉಳಿದಳು. ಬದುವಿನ ಮೇಲಿಂದ ಅಂದಾನಪ್ಪ ನೋಡುತ್ತಿದ್ದರು.

"ಉಚ್ಚೆಂಗಮ್ಮ, ಮ್ಯಾಲ ಬಾ. ನಡಿಯಾಕ ಬಂತಲ್ಲ, ಅಷ್ಟ ಸಾಕು. ನೀ ಬದುವಿನ ಮ್ಯಾಲ ನಿಂತು ಮಾಡ್ಸು."

"ನಿಂತು ಮಾಡ್ಸಿದ್ರ ನಾ ಮೇಸ್ತ್ರಿ ಆಗ್ತೀನ್ರಿ ಗೌಡ್ರ," ಎಂದಳು ಅವಳು, ಬಗ್ಗಿದವಳು ತಲೆ ಎತ್ತದೆ. "ನನ್ನ ಸಾಲು ನಾ ಮುಗಿಸ್ಕೊಂಡು ಬರ್ತೀನಿ. ತಡಾ ಆಗ್ತೈತಿ, ಆಗ್ಲಿ."

ತಡವಾಯಿತು. ಉಳಿದವರು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದಾಗಲೂ ಅವಳು ನೆಡುತ್ತಿದ್ದಳು. ಆ ವಾರವಿಡೀ ಅವಳ ಸಾಲು ಹಿಂದೆ ಬಿದ್ದಿತು. ಲಕ್ಷ್ಮೀ ಒಮ್ಮೆ ಅರ್ಧ ಸಾಲು ತಾನೇ ನೆಟ್ಟು ಕೊಡಲು ಬಂದಳು. ಉಚ್ಚೆಂಗಮ್ಮ ಅವಳನ್ನು ಗದರಿ ಕಳಿಸಿದಳು. ಅಷ್ಟರಲ್ಲಿ ಅವಳಿಗೆ ಒಂದು ವಿಷಯ ಹೊಳೆಯತೊಡಗಿತ್ತು. ಪಾದದಿಂದ ಆಗದ್ದನ್ನು ತೊಡೆಯಿಂದ ಮಾಡಬಹುದು. ತೊಡೆಯ ಹಿಂಭಾಗದಿಂದ ಎಳೆದು ಮೊಳಕಾಲು ಮಡಿಚಿ, ಮೊದಲು ಹಿಮ್ಮಡಿಯನ್ನು ಹಿಂದಕ್ಕೆ ಕಿತ್ತರೆ ಅದು ಬಿಟ್ಟ ಸಂದಿನಲ್ಲಿ ಗಾಳಿ ಸೇರಿ ಕೆಸರಿನ ಹಿಡಿತ ಸಡಿಲವಾಗುತ್ತದೆ. ಆಮೇಲೆ ಬೆರಳುಗಳು ತಾವೇ ಹಿಂದೆ ಬರುತ್ತವೆ. ಸಂಜೆ ಮನೆಗೆ ಬಂದರೆ ತೊಡೆಯ ಹಿಂಭಾಗ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತಿತ್ತು. ಕನಕರಾಜ ಬಿಸಿನೀರು ಕಾಯಿಸಿ ತಂದಿಡುತ್ತಿದ್ದ.

ತಿಂಗಳು ಮುಗಿಯುವುದರೊಳಗೆ ಅವಳು ಸಾಲಿನ ನಡುವಿಗೆ ಬಂದಳು. ತುದಿಗೆ ಬರಲಿಲ್ಲ. ತುದಿಯಲ್ಲಿ ಈಗ ಲಕ್ಷ್ಮೀ ಇದ್ದಾಳೆ. ಸಾಲನ್ನು ನೆಟ್ಟಗೆ ಒಯ್ಯುವುದನ್ನು ಅವಳೂ ಕಲಿತಿದ್ದಾಳೆ. ಗುತ್ತಿಗೆ ಮಾತಾಡಲು ರೈತರು ಬರುವುದು ಮಾತ್ರ ಉಚ್ಚೆಂಗಮ್ಮನ ಮನೆಗೇ. ಕಾಲು ಈಗ ಹೇಗಿದೆ ಎಂದು ಯಾರಾದರೂ ಕೇಳಿದರೆ, ಅವಳು ಅದಕ್ಕೆ ಉತ್ತರ ಕೊಡುವ ಬದಲು ಗದ್ದೆ ಎಷ್ಟು, ನೀರು ಯಾವಾಗ ಕಟ್ಟುತ್ತೀರಿ, ಬುಧವಾರಕ್ಕೆ ಬಂದರೆ ನಡೆಯುತ್ತದೆಯೇ ಎಂದು ವಿಚಾರಿಸುತ್ತಾಳೆ.